ಪಾಲಾಕ್ಷನ ಹಗುರ ಕಾಲು

ನಮ್ಮೂರಿನಲ್ಲಿ ಹೊಸದಾಗಿ ಅಂಗಡಿ ಇಡುವವರು ಮೊದಲು ಒಂದು ಸ್ಟೂಲು, ಒಂದು ಕೊಡೆ ತಂದಿಡುತ್ತಾರೆ, ತಕ್ಕಡಿ ಆಮೇಲೆ. ಬಾಗಿಲಲ್ಲಿ ಯಾರಿಗೆ ಯಾವಾಗ ಕಾಲು ಅಂಟುತ್ತದೆ ಅಂತ ಹೇಳಲು ಬರುವುದಿಲ್ಲವಲ್ಲ. ತಪ್ಪು ಮಾಡಿ ನಾಚಿಕೆಯಾಯಿತೋ, ಪಾದ ನಿಂತಲ್ಲೇ ನೆಲಕ್ಕೆ ಅಂಟಿಕೊಳ್ಳುತ್ತದೆ. ಅನ್ಯಾಯವಾದವರು ಎದುರಿಗೆ ಬಂದು ‘ಹೋಗ್ಲಿ ಬಿಡು’ ಅನ್ನುವ ತನಕ ಬಿಡುವುದಿಲ್ಲ. ಅದೂ ಬಾಯಿಮಾತಿಗೆ ಅಂದರೆ ಆಗದು, ಹೊಟ್ಟೆಯಿಂದ ಬರಬೇಕು. ಅಂಟಿದವರನ್ನು ‘ಏನು ಮಾಡಿದೆ’ ಅಂತ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೊಡೆ ಹಿಡಿ, ನೀರು ಕೊಡು, ಹೆಂಗಸಾದರೆ ಸುತ್ತ ಸೀರೆ ಮರೆ ಕಟ್ಟು, ನಿನ್ನ ಕೆಲಸಕ್ಕೆ ಹೋಗು, ಅಷ್ಟೇ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಉದ್ಯೋಗ, ಮನೆತನ ಎಲ್ಲ ವಿಚಾರಿಸಿದ ಮೇಲೆ ಹುಡುಗಿಯ ಅಜ್ಜಿ ಗಂಟಲು ಸರಿಮಾಡಿಕೊಂಡು ಕೇಳುವ ಪ್ರಶ್ನೆ ಒಂದೇ: “ಎಲ್ಲೆಲ್ಲಿ ಅಂಟಿದ್ದೆಯಪ್ಪಾ?” ಎಲ್ಲೂ ಇಲ್ಲ ಅಂದವನಿಗೆ ಕಾಫಿ ಕೊಟ್ಟು ಕಳಿಸುತ್ತಾರೆ.

ನಾನು ಲೋಕಮ್ಮ. ಬಸ್ ಸ್ಟ್ಯಾಂಡಿನ ಹಿಂದಿರುವ ಹಿಟ್ಟಿನ ಮಿಲ್ಲು ನನ್ನದು. ಗಂಡ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು ಅನ್ನುತ್ತಾರೆ. ಮಿಲ್ಲಿನ ಸದ್ದಿನಲ್ಲಿ ಬದುಕಿದವಳು ಪಿಸುಗುಟ್ಟಲಾದೀತೇ? ಇಷ್ಟು ಬಾಯಿಯವಳು ಒಂದು ವಿಷಯ ಮಾತ್ರ ನುಂಗಿಕೊಂಡೇ ಬಂದೆ. ಊರು ಮೊನ್ನೆಯ ತನಕ ಹಗುರ ಗುರುಗಳು ಅಂತ ಕೈಮುಗಿಯುತ್ತಿದ್ದದ್ದು ನನ್ನ ಒಡಹುಟ್ಟಿದ ತಮ್ಮ ಪಾಲಾಕ್ಷನಿಗೆ, ನಮ್ಮ ಪಾಲಿಗೆ. ಅವನ ಕಾಲು ಹುಟ್ಟಿದಾಗಿನಿಂದ ಎಲ್ಲೂ ಅಂಟಿಲ್ಲ ಅನ್ನುತ್ತಿದ್ದರು. ನಿಜ. ಅವನು ಮಾಡಿದ್ದಕ್ಕೆಲ್ಲ ಅಂಟಿದ್ದು ನನ್ನ ಕಾಲು.

ತಮ್ಮವರು ಮಾಡಿದ್ದಕ್ಕೆ ಅಮ್ಮನಿಗೋ ಹೆಂಡತಿಗೋ ಸ್ವಲ್ಪ ತಗಲುವುದು ನಮ್ಮೂರಲ್ಲಿ ಹೊಸದಲ್ಲ. ಆದರೆ ಮಾಡಿದವನಿಗೇ ಏನೂ ಆಗದೆ ಪೂರಾ ಇನ್ನೊಬ್ಬರ ಪಾಲಿಗೆ ಬಂದದ್ದು ನಮ್ಮ ಮನೆಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಲಿ ಚಿಕ್ಕವನಿದ್ದಾಗ ಕುಂಬಾರರ ತಿಮ್ಮಕ್ಕನ ಅಂಗಳದಲ್ಲಿ ಒಣಗಲು ಇಟ್ಟ ಹಸಿ ಮಡಕೆಗಳನ್ನು ಒಂದೊಂದಾಗಿ ತುಳಿದ. ಪಚಕ್ ಅನ್ನುವ ಸದ್ದು ಅವನಿಗೆ ಖುಷಿಯಾಯಿತಂತೆ. ತಿಮ್ಮಕ್ಕ ಕೂಗಿಕೊಂಡು ಬರುವಷ್ಟರಲ್ಲಿ ಅವನು ಬೇಲಿಯಾಚೆಗೆ ಪರಾರಿ. ಅಂಗಳದ ಅಂಚಿನಲ್ಲಿ ಗೂಟದ ಹಾಗೆ ನಿಂತಿದ್ದವಳು ನಾನು. “ನಮ್ಮ ಪಾಲಿ ಮಾಡ್ಬಿಟ್ಟ ಅಕ್ಕ, ಅವನಿಗೆ ಗೊತ್ತಾಗ್ಲಿಲ್ಲ” ಅಂತ ಅತ್ತೆ. ತಿಮ್ಮಕ್ಕ ಆಗಿನ್ನೂ ಆ ಮನೆಗೆ ಹೊಸ ಸೊಸೆ. ಮಣ್ಣಿನ ಕೈಯಲ್ಲೇ ನನ್ನ ಕಣ್ಣೊರೆಸಿ “ಹೋಗ್ಲಿ ಬಿಡವ್ವ” ಅಂದಳು. ಕಾಲು ಬಿಟ್ಟಿತು. ಮನೆಗೆ ಬಂದರೆ ಪಾಲಿ ಬೆಲ್ಲ ಚೀಪುತ್ತ ಕೂತಿದ್ದ. ಅಮ್ಮ ನನ್ನನ್ನು ಒಳಗೆ ಕರೆದಳು. “ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ. ಇವನಿಗೆ ಅಂಟಲ್ಲ ಅಂತ ಗೊತ್ತಾದ್ರೆ ನಾಳೆ ಯಾರು ಹೆಣ್ಣು ಕೊಡ್ತಾರೆ? ನೀನು ಅಕ್ಕ ಅಲ್ವಾ, ನಿಂತ್ಕೋ.”

ನಿಂತುಕೊಂಡೆ. ಅವನು ಎಲ್ಲಿ ಏನು ಮುರಿದರೂ, ಯಾರಿಗೆ ಏನು ಅಂದರೂ, ನಾನು ಮೊದಲು ಓಡಿಹೋಗಿ ನಿಂತು ಕ್ಷಮೆ ಕೇಳಿ ಬರುತ್ತಿದ್ದೆ. ಮುಂದೆ ಅವನಿಗೆ ಹೆಣ್ಣು ನೋಡಲು ಹೋದಾಗ ಅಜ್ಜಿ ಕೇಳಿದ ಪ್ರಶ್ನೆಗೆ, ನಾನು ಅಂಟಿದ್ದ ಜಾಗಗಳನ್ನೆಲ್ಲ ತನ್ನವೇ ಎನ್ನುವಂತೆ ಹೇಳಿದ. ಅಜ್ಜಿಗೆ ಬಹಳ ಹಿಡಿಸಿತು. ನಾನು ಪಕ್ಕದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಆ ಹುಡುಗಿ ಪಾಪ, ಮಗಳು ಅಂಬುಜಾಳನ್ನು ಹೆತ್ತು ಹೆರಿಗೆಯಲ್ಲೇ ಹೋದಳು. ಮಗುವನ್ನು ಬೆಳೆಸಿದ್ದು ನಾನು.

ಪಾಲಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ‘ಕಳ್ಳ, ಕಳ್ಳ’ ಅಂದರು. ಪರವೂರಿನ ಒಬ್ಬ ವಯಸ್ಸಾದ ಮನುಷ್ಯ ಕಂಕುಳಲ್ಲಿ ಬ್ಯಾಗು ಅವುಚಿಕೊಂಡು ಅವಸರದಲ್ಲಿ ಹೋಗುತ್ತಿದ್ದನಂತೆ. ಮೊದಲು ಕೈ ಮಾಡಿದವನು ಪಾಲಿ. ಆಮೇಲೆ ಎಲ್ಲರೂ ಬಿದ್ದರು. ಬ್ಯಾಗು ಬಿಚ್ಚಿದರೆ ಬಾಣಂತಿ ಮಗಳಿಗೆ ಅಂತ ತಂದ ಅಂಟಿನುಂಡೆ, ಮಗುವಿನ ಕುಲಾವಿ. ಆಸ್ಪತ್ರೆಯ ಗಾಡಿ ಅವನನ್ನು ಒಯ್ದಿತು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಅಂಟಿಕೊಂಡಿತು. ಡ್ರೈವರುಗಳು, ಹೂವಿನವರು, ಲಾಠಿ ಹಿಡಿದ ಪೊಲೀಸಿನವರೂ. ಎಲ್ಲ ತಲೆ ತಗ್ಗಿಸಿ ನಿಂತಿದ್ದಾಗ ಪಾಲಿ ಒಬ್ಬನೇ ನಡೆದುಹೋಗಿ ತನ್ನ ಬಸ್ಸಿನ ಮೆಟ್ಟಿಲು ಹತ್ತಿ ‘ರೈಟ್, ರೈಟ್’ ಅಂದ. ಓಡಿಸುವವನು ಅಂಟಿದ್ದಾನೆ, ಇವನಿಗೆ ರೈಟು!

ಜನ ಬಾಯಿಬಿಟ್ಟುಕೊಂಡು ನೋಡಿದರು. ಅವನು ಇಳಿದು ಬಂದು ಡ್ರೈವರನ ತೋಳು ಹಿಡಿದು ಜಗ್ಗಿದ. “ಆಗಿದ್ದು ಆಯ್ತು, ಎತ್ತೋ ಕಾಲು” ಅಂದ. ಕಾಲು ಬಂತು. ಇನ್ನೊಬ್ಬನದೂ ಬಂತು. ಹೂವಿನವಳು ಅವನ ಪಾದಕ್ಕೆ ಒಂದು ಮೊಳ ಮಲ್ಲಿಗೆ ಇಟ್ಟು ಅಡ್ಡಬಿದ್ದಳಂತೆ. ಇದೆಲ್ಲ ಆಗುವಾಗ ನಾನು ಮಿಲ್ಲಿನಲ್ಲಿ ಸ್ವಿಚ್ಚಿನಿಂದ ಎರಡು ಮಾರು ದೂರ ಅಂಟಿ ನಿಂತಿದ್ದೆ. ಬೆಲ್ಟು ಓಡುತ್ತಲೇ ಇತ್ತು, ಯಾರದೋ ರಾಗಿ ಸೀದು ಹೋಗುತ್ತಿತ್ತು, ಪಾಲಿ ಏನು ಮಾಡಿದನಪ್ಪಾ ಶಿವನೇ ಅಂದುಕೊಂಡೆ. ಸುದ್ದಿ ಆಮೇಲೆ ಕಿವಿಗೆ ಬಿತ್ತು. ಪೆಟ್ಟು ತಿಂದ ಆ ಮನುಷ್ಯ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಬಸ್ಸಿಗೆ ಅಂತ ಮಿಲ್ಲಿನ ಮುಂದೆಯೇ ಹಾದುಹೋದಾಗ ಕೂಗಿ ಕರೆದು ಕೈಮುಗಿದೆ. ಅವನು ಏನೂ ಕೇಳಲಿಲ್ಲ. “ಹೋಗ್ಲಿ ಬಿಡು ತಾಯಿ” ಅಂದು ಕುಲಾವಿಯ ಬ್ಯಾಗು ಎದೆಗವುಚಿಕೊಂಡು ಹೋದ.

ಹಗುರ ಸಂಗ ಶುರುವಾದದ್ದು ಹೀಗೆ. ಮುಚ್ಚಿಹೋಗಿದ್ದ ಸಿನಿಮಾ ಟಾಕೀಸು ಅವರ ಮಂದಿರವಾಯಿತು. ಎಲ್ಲರಿಗೂ ಬಿಳಿ ಹವಾಯಿ ಚಪ್ಪಲಿ. ನಮಸ್ಕಾರ ಹೋಗಿ ‘ಹಗುರಾಗಿರಿ’ ಬಂತು. ಗುರುವಾರ ಗುರುವಾರ ಒಬ್ಬೊಬ್ಬರೇ ಪರದೆಯ ಮುಂದೆ ನಿಂತು ತಾವು ಮಾಡಿದ್ದು ಹೇಳುವುದು, ಸಭೆಯೆಲ್ಲ “ಆಗಿದ್ದು ಆಯ್ತು, ಎತ್ತು ಕಾಲು” ಅಂತ ಒಕ್ಕೊರಲಿನಿಂದ ಕೂಗುವುದು, ಅವರು ಕಾಲೆತ್ತಿ ಕುಣಿಯುವುದು. ಪುರಸಭೆಯವರು ಬಂದರು, ಡಾಕ್ಟರು ಬಂದರು, ಕಾಲೇಜು ಹುಡುಗರಂತೂ ಹಿಂಡುಹಿಂಡು. ಅಂಗಡಿಗಳ ಬಾಗಿಲಿನಿಂದ ಸ್ಟೂಲು ಮಾಯವಾಯಿತು. ಸುಳ್ಳು ಯಾಕೆ ಹೇಳಲಿ, ಕೆಲವರಿಗೆ ಒಳ್ಳೆಯದೂ ಆಯಿತು. ನಾಗವೇಣಿ ಟೀಚರು ಒಮ್ಮೆ ಹಾಲು ಉಕ್ಕಿಸಿದ್ದಕ್ಕೆ ಒಲೆಯ ಮುಂದೆ ಅಂಟಿದ್ದರು. ಅತ್ತೆ ಬೇಕೆಂದೇ ‘ಹೋಗ್ಲಿ ಬಿಡು’ ಅನ್ನದೆ ಸತ್ತಿದ್ದಳು. ವರ್ಷಾನುಗಟ್ಟಲೆ ಸ್ಟೂಲಿನ ಮೇಲೆ ಕೂತೇ ಬದುಕಿದ ಆ ಹೆಂಗಸು, ಸಂಗದವರು ಮನೆಗೇ ಹೋಗಿ ಕೂಗಿದ ಮೇಲೆ ಎದ್ದು ಬೀದಿಗೆ ಬಂದಾಗ ನನಗೂ ಅಳು ಬಂತು. ಸಂಗದ ಕಾರ್ಯದರ್ಶಿ ತ್ಯಾಗರಾಜು ನನ್ನನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದ. ಗುರುಗಳ ಅಕ್ಕ ಅಲ್ಲವೇ ನಾನು. ಶಾಲು ಬೆಚ್ಚಗಿತ್ತು.

ಆದರೆ ಮಿಲ್ಲಿಗೆ ಬರುತ್ತಿದ್ದ ಹೆಂಗಸರು ಕಡಿಮೆಯಾದರು. ಜೋಳ, ರಾಗಿ ಡಬ್ಬಿ ಹೊತ್ತು ಗಂಡಸರು ಬರತೊಡಗಿದರು, ಕಾಲಲ್ಲಿ ಬಿಳಿ ಚಪ್ಪಲಿ. “ನಿಮ್ಮಮ್ಮ ಎಲ್ಲೋ?” ಅಂದರೆ ಪಾಲಿಯ ಬಸ್ಸಿನ ಡ್ರೈವರು ಹಲ್ಲು ಕಿರಿದು, “ಮನೇಲಿ ಅಂಟ್ಕೊಂಡವ್ಳೆ ಲೋಕಕ್ಕ. ಏನ್ ಮಾಡಿದಾಳೋ ಏನೋ, ಹಗುರಾಗವ್ವ ಅಂದ್ರೆ ಕೇಳಲ್ಲ” ಅಂದ. ಇನ್ನೊಬ್ಬನ ಹೆಂಡತಿ ಬಚ್ಚಲಲ್ಲಿ, ಮತ್ತೊಬ್ಬನ ತಂಗಿ ಹಿತ್ತಿಲಲ್ಲಿ. ನನಗೆ ಕೂಡಲೇ ಅರ್ಥವಾಯಿತು. ಊರಿನಲ್ಲಿ ಯಾರ ನಾಚಿಕೆಯೂ ಹೋಗಿರಲಿಲ್ಲ. ಬೀದಿ ಬಿಟ್ಟು ಮನೆಯೊಳಗೆ ಹೊಕ್ಕಿತ್ತು, ಅಷ್ಟೇ. ಇದನ್ನು ಕೂಗಿ ಹೇಳಬೇಕಾದವಳು ನಾನು. ಹೇಳಲಿಲ್ಲ. ತಮ್ಮನ ಮರ್ಯಾದೆ, ಸತ್ತ ಅಮ್ಮನಿಗೆ ಕೊಟ್ಟ ಮಾತು, ಮೇಲೆ ಆ ಶಾಲು ಬೇರೆ. ಥೂ!

ಆಮೇಲೆ ಸಂಗಕ್ಕೆ ಗಾಡಿ ನಿಲ್ಲಿಸಲು ಜಾಗ ಬೇಕಾಯಿತು. ಟಾಕೀಸಿನ ಹಿಂದೆಯೇ ತಿಮ್ಮಕ್ಕನ ಮನೆ, ಮನೆಯ ಮುಂದೆ ಮಡಕೆ ಸುಡುವ ಆವಿಗೆ. ಈಗ ಮುದುಕಿ, ಒಂಟಿ, ಆದರೂ ಚಕ್ರ ತಿರುಗಿಸುವುದು ಬಿಟ್ಟಿಲ್ಲ. ಗುರುಗಳು ಅಪ್ಪಣೆ ಕೊಟ್ಟರು. ತಿಮ್ಮಕ್ಕ ಬೆಂಕಿ ಹಾಕುವ ಮುನ್ನಾದಿನ ಸಂಗದ ಹುಡುಗರು ಆವಿಗೆಯನ್ನು ಒಳಗಿದ್ದ ಮಡಕೆಗಳ ಸಮೇತ ಕೆಡವಿ ಹಾಕಿದರು. ಸುದ್ದಿ ಕೇಳಿದ್ದೇ ತಡ ಮಿಲ್ಲು ಆರಿಸಿದೆ. ಸ್ಟೂಲು ಎಳೆದುಕೊಂಡೆ, ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡೆ, ಕಾಯುತ್ತ ಕೂತೆ. ಅಂಟಲಿಲ್ಲ. ಕಾಲು ಎತ್ತಿ ನೋಡಿದೆ, ಬಂತು. ಅಬ್ಬಾ, ಮುಗಿಯಿತು ನನ್ನ ಕರ್ಮ ಅಂದುಕೊಂಡೆ. ಒಂದು ಲೋಟ ಕಾಫಿ ಮಾಡಿಕೊಂಡು ಆರಾಮಾಗಿ ಕುಡಿದೆ. ಆ ಕಾಫಿ ಇವತ್ತಿಗೂ ಗಂಟಲಲ್ಲಿ ನಿಂತಿದೆ. ಯಾಕೆಂದರೆ ನಾನು ಲೋಟ ತೊಳೆಯುವಾಗ ಹೂವಿನವಳು ಓಡಿಬಂದು, “ಲೋಕಕ್ಕ, ನಿಮ್ಮ ಅಂಬುಜಾ ತಿಮ್ಮಕ್ಕನ ಮನೆ ಮುಂದೆ ಅಂಟ್ಕೊಂಡು ನಿಂತವ್ಳೆ!” ಅಂದಳು.

ಓಡಿದೆ. ಒಡೆದ ಮಡಕೆ ಚೂರುಗಳ ನಡುವೆ ಹುಡುಗಿ ಯೂನಿಫಾರಂನಲ್ಲಿ, ಬೆನ್ನಿಗೆ ಶಾಲೆ ಬ್ಯಾಗು ಹಾಕಿಕೊಂಡೇ ನಿಂತಿದ್ದಳು. ಹತ್ತು ತುಂಬದ ಮಗು. ಬಿಸಿಲಿಗೆ ಮುಖ ಕೆಂಪಾಗಿತ್ತು. “ಅತ್ತೆ, ನಾನೇನೂ ಮಾಡ್ಲಿಲ್ಲ. ಅಪ್ಪ ಒಡೆಸಿದ್ದು ಅಂದ್ರು, ಕಾಲು ಹಿಂಗಾಗೋಯ್ತು” ಅಂದಳು. ನಾಚಿಕೆ ಅಂದರೇನು ಅಂತ ತಿಳಿಯುವ ವಯಸ್ಸಾಗಿತ್ತು ಅವಳಿಗೆ. ಅವನಿಗೆ ನನಗಿಂತ ಹತ್ತಿರದವಳು ಅವಳೇ ಅಲ್ಲವೇ, ನನ್ನ ಪಾಲಿನದು ಅವಳಿಗೆ ದಾಟಿತ್ತು.

ತಿಮ್ಮಕ್ಕ ಹೊಸ್ತಿಲಲ್ಲಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, “ಹೇಳಿದೆ ಕಣೇ ಲೋಕಿ. ನಾಕು ಸಲ ಹೋಗ್ಲಿ ಬಿಡು ಮಗಾ ಅಂದೆ. ಬಿಡ್ತಿಲ್ಲ. ಬಾಯಿ ಹೇಳ್ತದೆ, ಹೊಟ್ಟೆ ಹೇಳ್ತಿಲ್ಲ. ಮಗೂನ ನೋಡಿದ್ರೆ ಕರುಳು ಚುರುಕ್ ಅಂತದೆ, ಆವಿಗೆ ನೋಡಿದ್ರೆ ಉರೀತದೆ. ಏನ್ ಮಾಡ್ಲಿ ನಾನು? ಅವನು ಬಂದು ನನ್ನ ಮುಂದೆ ನಿಂತು ಕೇಳ್ಲಿ” ಅಂದಳು. ಅವಳ ಮಾತಿನಲ್ಲಿ ತಪ್ಪೇನಿದೆ?

ಹೂವಿನವಳ ಕೈಗೆ ಕೊಡೆ ಕೊಟ್ಟು ಟಾಕೀಸಿಗೆ ಹೋದೆ. ಅವತ್ತು ಗುರುವಾರ, ಸಭೆ ತುಂಬಿತ್ತು. ಪಾಲಿ ಮೇಲಿನ ಪ್ರೊಜೆಕ್ಟರ್ ರೂಮಿನಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದ. “ನಿನ್ನ ಮಗಳು ಬಿಸಿಲಲ್ಲಿ ಅಂಟಿದಾಳೆ ಕಣೋ. ಬಂದು ತಿಮ್ಮಕ್ಕನ ಕೇಳ್ಕೋ” ಅಂದೆ.

“ಮಗೂಗೆ ಹಗುರಾಗು ಅಂತ ಹೇಳಕ್ಕ.”

“ಪಾಲಿ, ಈ ಮಾತು ಸಭೇಲಿ ಹೇಳ್ಕೋ. ನನ್ನ ಹತ್ರ ಬೇಡ.”

ಅವನು ತಟ್ಟೆ ಕೆಳಗಿಟ್ಟ. “ನಾನು ಅಲ್ಲಿ ಹೋಗಿ ಕೈಮುಗಿದ್ರೆ ಕೆಳಗೆ ಕೂತಿರೋ ಇವರೆಲ್ಲ ಏನಾಗ್ತಾರೆ?” ಅಂದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: “ಅಂಟೋದು ಅಂದ್ರೆ ಹೆಂಗಿರುತ್ತಕ್ಕ? ನಿಜವಾಗ್ಲೂ ನಂಗೊತ್ತಿಲ್ಲ. ಒಳಗೆ ಏನೋ ಬಂದ್ಹಂಗೆ ಆಗೋದು, ಅಷ್ಟರಲ್ಲಿ ನೀನು ಓಡಿಹೋಗಿ ನಿಂತ್ಬಿಟ್ಟಿರ್ತಿದ್ದೆ. ನಂಗೆ ಉಳೀತಾನೇ ಇರ್ಲಿಲ್ಲ.”

ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ನಾನು ಹೊತ್ತದ್ದನ್ನು ಇವನು ಕಳವು ಅನ್ನುತ್ತಿದ್ದಾನಲ್ಲ! ಸಿಟ್ಟಿನಲ್ಲಿ ದಡದಡ ಇಳಿದು ಬಂದು ಪರದೆಯ ಮುಂದೆ ನಿಂತೆ. “ನಿಮ್ಮ ಗುರುವಿನ ಕಾಲು ಹಗುರ ಅಲ್ಲ ಕಣ್ರಪ್ಪಾ! ಅವನದೆಲ್ಲ ನಾನು ನಿಂತು ತೀರಿಸಿದೀನಿ. ಈಗ ಅವನ ಮಗಳು ನಿಂತವ್ಳೆ. ನಿಮ್ಮ ಮನೆಗೆ ಹೋಗಿ ನೋಡಿ, ನಿಮ್ಮದಕ್ಕೆ ಯಾರು ನಿಂತವ್ರೆ ಅಂತ!” ಅಂತ ಮಿಲ್ಲಿನ ಗಂಟಲಲ್ಲಿ ಕೂಗಿದೆ. ಆಮೇಲೆ ತ್ಯಾಗರಾಜು ಎದ್ದು, “ಅಕ್ಕ ಹೇಳಿಕೊಂಡರು! ಆಗಿದ್ದು ಆಯ್ತು!” ಅಂದ. ಟಾಕೀಸು ಗುಡುಗಿತು: “ಎತ್ತು ಕಾಲು!” ಯಾರೋ ಹಾರ ಹಾಕಿದರು. ಚಪ್ಪಾಳೆಯೋ ಚಪ್ಪಾಳೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ. ಆ ಹಾರ ಕಿತ್ತು ಬಿಸಾಡಿ ಹೊರಗೆ ಬಂದಾಗ ಮುಖ ಎಲ್ಲಿಡಲಿ ಅನ್ನಿಸಿತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಪಾಲಿ ಬಂದ. ಹಿಂದೆ ತ್ಯಾಗರಾಜು, ಸಂಗದ ಜನ. ತಿಮ್ಮಕ್ಕನ ಕಡೆ ಅವನು ನೋಡಲೇ ಇಲ್ಲ. ನೇರ ಮಗಳ ಮುಂದೆ ನಿಂತು, “ಎತ್ತು ಮಗಳೇ, ಆಗಿದ್ದು ಆಯ್ತು” ಅಂದ. ಹುಡುಗಿ ಎರಡು ಕೈಯಿಂದ ಮೊಣಕಾಲು ಹಿಡಿದು ಎತ್ತಿದಳು. ಬರಲಿಲ್ಲ. ಅವನು ಕಂಕುಳಿಗೆ ಕೈ ಹಾಕಿ ಎಳೆದ. ಅವಳು ಚೀರಿದಳು. ಎಲ್ಲರ ಎದುರಿಗೆ ಅಪ್ಪನ ಮುಖ ಸಣ್ಣಗಾಗಿದ್ದು ಆ ಮಗುವಿಗೆ ಕಾಣಿಸಿತು. ಕಣ್ಣೊರೆಸಿಕೊಂಡು, “ಪರವಾಗಿಲ್ಲ ಅಪ್ಪ, ನಾನೇ ನಿಂತ್ಕೋತೀನಿ. ನೀನು ಹೋಗು, ಜನ ಕಾಯ್ತವ್ರೆ” ಅಂದಳು.

ಈ ಮಾತು ನನ್ನದು. ಅವಳ ವಯಸ್ಸಿನಲ್ಲಿ, ಇದೇ ಅಂಗಳದಲ್ಲಿ, ಬೇಲಿಯಾಚೆಯಿಂದ ಇಣುಕಿದ ಪಾಲಿಗೆ ನಾನು ಹೇಳಿದ್ದು: ‘ನೀನು ಹೋಗು, ನಾನೇ ನಿಂತ್ಕೋತೀನಿ.’ ಅವನಿಗೂ ನೆನಪಾಯಿತೋ ಏನೋ, ನನ್ನ ಕಡೆ ನೋಡಿದ. ಆಮೇಲೆ ಹೋಗಲು ತಿರುಗಿದ. ಒಂದು ಕಾಲು ಬಂತು. ಇನ್ನೊಂದು ಬರಲಿಲ್ಲ. ಎತ್ತಿದ ಕಾಲು ಇಳಿಸಿದ, ಅದೂ ಹಿಡಿದುಕೊಂಡಿತು.

“ಅಕ್ಕಾ” ಅಂದ. ಬೆಲ್ಲ ಚೀಪುತ್ತಿದ್ದ ಹುಡುಗನ ದನಿ. ‘ತಿಮ್ಮಕ್ಕ, ನಮ್ಮ ಪಾಲಿ ಮಾಡ್ಬಿಟ್ಟ’ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಹಲ್ಲು ಕಚ್ಚಿ ನುಂಗಿದೆ. ಅಂಬುಜಾ ಅಷ್ಟರಲ್ಲಿ, “ಅತ್ತೆ, ಬಿಡ್ತು!” ಅಂತ ಕುಣಿದಳು. ಅವಳ ಕೈ ಹಿಡಿದುಕೊಂಡು ಹೊರಟೆ. ಬೆನ್ನ ಹಿಂದೆ ಅವನು “ತಿಮ್ಮಕ್ಕಾ, ತಿಮ್ಮಕ್ಕಾ” ಅಂತ ಅಳುವುದು ಕೇಳಿಸಿತು. ತಿಮ್ಮಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉರಿ ಆರಲು ಅವಳಿಗೂ ಸ್ವಲ್ಪ ಹೊತ್ತು ಬೇಕಲ್ಲ. ಇರಲಿ, ಒಂದು ರಾತ್ರಿ ನಿಲ್ಲಲಿ, ಬೆಳಿಗ್ಗೆ ಕೊಡೆ, ತಿಂಡಿ ತಗೊಂಡು ಹೋದರಾಯಿತು ಅಂದುಕೊಂಡೆ.

ಬೆಳಿಗ್ಗೆ ಹೋದರೆ ಅಲ್ಲಿ ಶಾಮಿಯಾನ ಎದ್ದಿತ್ತು. ಮೈಕು, ಬಾಳೆಕಂಬ, ಬಿದಿರಿನ ಅಡ್ಡಗಟ್ಟೆ. ಪಾಲಿಯ ಕೊರಳಲ್ಲಿ ಮೂಗಿನ ತನಕ ಹಾರ. ಅವನ ಬಾಯಿ ಆಡುತ್ತಿತ್ತು, ಮೈಕಿನ ಭಜನೆಯಲ್ಲಿ ಏನೂ ಕೇಳಿಸಲಿಲ್ಲ. ತ್ಯಾಗರಾಜು ಎದುರು ಬಂದ. “ಗುರುಗಳು ನಮ್ಮೆಲ್ಲರ ಭಾರ ಹೊತ್ತು ನಿಂತಿದಾರಕ್ಕ. ಇನ್ಮೇಲೆ ನಿಂತ ಗುರುಗಳು. ದರ್ಶನಕ್ಕೆ ಸಾಲು ಆ ಕಡೆಯಿಂದ” ಅಂದ. ತಿಮ್ಮಕ್ಕನ ಬಾಗಿಲಿಗೇ ಬಿದಿರು ಅಡ್ಡ ಕಟ್ಟಿ, ಹಿತ್ತಿಲಿಂದ ಓಡಾಡು ಅಂದಿದ್ದರು. “ಅವಳು ಬಿಡಿಸಬೇಕು ಕಣಯ್ಯಾ ಅವನನ್ನ” ಅಂದೆ. “ದೇವರನ್ನ ಬಿಡಿಸೋಕೆ ನೀವ್ಯಾರಕ್ಕ?” ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರೇ ಕೈಮುಗಿದು ಅಳುತ್ತಿದ್ದರೂ ಪೂಜಾರಿ ಬಿಡಲಿಲ್ಲ.

ಹಾಗಾಗಿ ತಿಮ್ಮಕ್ಕ, ನಾನು ಇಬ್ಬರೂ ಸಾಲಿನಲ್ಲಿದ್ದೇವೆ. ಸಾಲು ಬಸ್ ಸ್ಟ್ಯಾಂಡು ದಾಟಿ ನನ್ನ ಮಿಲ್ಲಿನ ಮುಂದೆ ಹಾದು ಹೋಗಿದೆ. ಕತ್ತಲಾದರೆ ದರ್ಶನ ಬಂದ್, ಬೆಳಿಗ್ಗೆ ಮತ್ತೆ ಬಾಲದಿಂದ ಶುರು. ಮುಂದಿನವರು, ಹಿಂದಿನವರು, ಎಲ್ಲರ ಕಾಲಲ್ಲೂ ಬಿಳಿ ಚಪ್ಪಲಿ. ಅವರ ಮನೆಗಳಲ್ಲಿ ಅಮ್ಮಂದಿರು ಇನ್ನೂ ನಿಂತೇ ಇದ್ದಾರೆ. ಅಂಬುಜಾ ಶಾಲೆಗೆ ಹೋಗುವಾಗ ನಮಗೆ ನೀರು ಕೊಟ್ಟು ಹೋಗುತ್ತಾಳೆ. ತಿಮ್ಮಕ್ಕ ನನ್ನ ತೋಳು ಹಿಡಿದುಕೊಂಡು, “ಬಂದದೆ ಕಣೇ ಲೋಕಿ, ಹೊಟ್ಟೆಯಿಂದ ಬಂದದೆ. ಬಾಯಿ ತನಕ ಬಂದು ಕೂತದೆ. ಅವನ ಮುಂದೆ ಹೋಗೋ ತನಕ ಆರದೆ ಇದ್ರೆ ಸಾಕು” ಅನ್ನುತ್ತಾಳೆ. ಸಾಲು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾನೂ ಹೆಜ್ಜೆ ಎತ್ತುತ್ತೇನೆ. ತಮ್ಮ ಅಲ್ಲಿ ಅಂಟಿ ನಿಂತಿರುವಾಗ ನನ್ನ ಕಾಲು ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಯಾರಾದರೂ ನೋಡಿಯಾರು ಅಂತ ಸೀರೆಯ ನೆರಿಗೆ ಇಳಿಬಿಟ್ಟುಕೊಳ್ಳುತ್ತೇನೆ.